ಕಂಠದಿಂದ ಕಂಠಕ್ಕೆ ಬಂದ ಅಮಾನತ್: ಖ್ವಾಜಾ ಖುರ್ಷಿದ್ ಅನ್ವರ್

ನಮ್ಮ ಪತ್ರಿಕೆಯ ಖುತ್ಬಾ ಸಾರಾಂಶಗಳಲ್ಲಿ ಅಮಾನತ್ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಅಮಾನತ್ತನ್ನು ಅದರ ಹಕ್ಕುದಾರರಿಗೆ ತಲುಪಿಸಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 58ನೇ ಸೂಕ್ತ ಆಜ್ಞಾಪಿಸುತ್ತದೆ. ಅಮಾನತ್ ಎಂದ ಕೂಡಲೇ ನಮಗೆ ನೆನಪಾಗುವುದು ಹಣ, ಚಿನ್ನ, ಜಮೀನಿನ ಕಾಗದಪತ್ರ. ಯಾರೋ ನಂಬಿ ಇಟ್ಟುಹೋದದ್ದನ್ನು ಹಾಗೆಯೇ ಹಿಂತಿರುಗಿಸುವುದು ಎಂಬಲ್ಲಿಗೆ ನಮ್ಮ ತಿಳಿವಳಿಕೆ ನಿಲ್ಲುತ್ತದೆ. ಆದರೆ ವಿದ್ಯೆಯೂ ಒಂದು ಅಮಾನತ್. ಹಿಂದಿನವರು ನಮ್ಮ ಕೈಗಿತ್ತ ಅರಿವನ್ನು ಮುಂದಿನವರ ಕೈಗೆ ದಾಟಿಸದೆ ಹೋದರೆ ಅದೂ ಲೋಪವೇ. ಹಣ ಕಳೆದರೆ ಮತ್ತೆ ದುಡಿಯಬಹುದು. ಒಬ್ಬ ಉಸ್ತಾದರ ಎದೆಯಲ್ಲಿದ್ದದ್ದು ಅವರ ಜೊತೆ ಕಬರಿಗೆ ಹೋದರೆ ಮತ್ತೆ ಸಿಗುವುದಿಲ್ಲ.

ಇದನ್ನು ತನ್ನ ಕಾಲದಲ್ಲಿ ಚೆನ್ನಾಗಿ ಅರಿತಿದ್ದ ಒಬ್ಬ ವ್ಯಕ್ತಿಯ ಬದುಕನ್ನು ಈ ತಿಂಗಳ ಇತಿಹಾಸ ಪುಟದಲ್ಲಿ ನೋಡೋಣ. ಅವರು ಲಾಹೋರಿನ ಖ್ವಾಜಾ ಖುರ್ಷಿದ್ ಅನ್ವರ್. ಪಾಕಿಸ್ತಾನದ ಸಿನಿಮಾ ಸಂಗೀತ ನಿರ್ದೇಶಕರು. ಖುತ್ಬಾದ ಸಾರಾಂಶ ಅಚ್ಚಾಗುವ ಪತ್ರಿಕೆಯಲ್ಲಿ ಸಿನಿಮಾ ಸಂಗೀತಗಾರರ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಪಾಕಿಸ್ತಾನದವರ ಮಾತೇಕೆ ಎಂದು ಇನ್ನು ಕೆಲವರಿಗೆ ಅನಿಸಬಹುದು. ಎರಡೂ ಪ್ರಶ್ನೆಗಳು ನ್ಯಾಯವಾದವು. ಅವರ ಬದುಕನ್ನು ಮೊದಲು ನೋಡಿ, ಆಮೇಲೆ ಈ ಪ್ರಶ್ನೆಗಳಿಗೆ ಬರೋಣ.

ವಕೀಲರ ಮನೆ, ಕ್ರಾಂತಿಯ ಗೆಳೆತನ

ಖುರ್ಷಿದ್ ಅನ್ವರ್ ಹುಟ್ಟಿದ್ದು 1912ರ ಮಾರ್ಚ್ 21ರಂದು, ಪಂಜಾಬಿನ ಮಿಯಾನ್‌ವಾಲಿಯಲ್ಲಿ, ತಾಯಿಯ ತವರಿನಲ್ಲಿ. ತಾಯಿಯ ತಂದೆ ಅಲ್ಲಿ ಸರಕಾರಿ ಸರ್ಜನ್ ಆಗಿದ್ದರು. ಅದೇ ಮನೆಯ ಇನ್ನೊಬ್ಬ ಮಗಳನ್ನು ಮಹಾಕವಿ ಅಲ್ಲಾಮಾ ಇಕ್ಬಾಲರಿಗೆ ಕೊಟ್ಟಿತ್ತು. ತಂದೆ ಖ್ವಾಜಾ ಫಿರೋಝುದ್ದೀನ್ ಅಹ್ಮದ್ ಲಾಹೋರಿನ ಬ್ಯಾರಿಸ್ಟರ್. ಕಾನೂನು ಅವರ ಕಸುಬು, ಸಂಗೀತ ಅವರ ಗೀಳು. ಮನೆಯಲ್ಲಿ ಗ್ರಾಮಾಫೋನ್ ರೆಕಾರ್ಡುಗಳ ದೊಡ್ಡ ಸಂಗ್ರಹವಿತ್ತು. ಊರಿಗೆ ಬಂದ ಹೆಸರಾಂತ ಉಸ್ತಾದರು ಆ ಮನೆಯ ಬೈಠಕ್‌ಗಳಲ್ಲಿ ಹಾಡುತ್ತಿದ್ದರು. ಹುಡುಗ ಒಂದು ಮೂಲೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಓದಿನಲ್ಲಿ ಆತ ಜಾಣ. ಲಾಹೋರಿನ ಗವರ್ನಮೆಂಟ್ ಕಾಲೇಜು ಸೇರಿದ. ಮುಂದೆ ಉರ್ದುವಿನ ದೊಡ್ಡ ಕವಿಯಾದ ಫೈಝ್ ಅಹ್ಮದ್ ಫೈಝ್ ಅಲ್ಲಿನ ಸ್ನೇಹಿತ. ಆಗ ಲಾಹೋರಿನ ಕಾಲೇಜುಗಳಲ್ಲಿ ಭಗತ್ ಸಿಂಗ್ ಮತ್ತು ಸಂಗಾತಿಗಳ ಹೆಸರು ಎಲ್ಲರ ಬಾಯಲ್ಲಿತ್ತು. ಖುರ್ಷಿದ್ ಅನ್ವರ್ ಕೂಡ ಕ್ರಾಂತಿಕಾರಿಗಳ ಕಡೆಗೆ ಸೆಳೆಯಲ್ಪಟ್ಟು ಬ್ರಿಟಿಷರ ಜೈಲು ಕಂಡರು. ಸ್ವಾತಂತ್ರ್ಯ ಹೋರಾಟದಲ್ಲಿ ಮುಸ್ಲಿಮರು ಎಲ್ಲಿದ್ದರು ಎಂದು ನಮ್ಮ ಮಕ್ಕಳನ್ನು ಕೇಳುವವರಿದ್ದಾರೆ. ಸಂಗೀತಗಾರನೆಂದು ಮಾತ್ರ ಗುರುತಿಸಲ್ಪಡುವ ಈ ವ್ಯಕ್ತಿಯ ಹೆಸರೂ ಆ ಪ್ರಶ್ನೆಗೆ ಒಂದು ಉತ್ತರ.

ಜೈಲಿನಿಂದ ಬಂದ ಮೇಲೆ ಓದು ಮುಂದುವರಿಯಿತು. 1935ರಲ್ಲಿ ಪಂಜಾಬ್ ವಿಶ್ವವಿದ್ಯಾಲಯದಿಂದ ತತ್ವಶಾಸ್ತ್ರದ ಎಂ.ಎ. ಪದವಿಯನ್ನು ಪ್ರಥಮ ಸ್ಥಾನದೊಂದಿಗೆ ಪಡೆದರು. ಘಟಿಕೋತ್ಸವದ ದಿನ ಚಿನ್ನದ ಪದಕಕ್ಕಾಗಿ ಹೆಸರು ಕೂಗಿದಾಗ ಅವರು ಅಲ್ಲಿರಲೇ ಇಲ್ಲವಂತೆ, ಸಂಗೀತ ಕಛೇರಿಯೊಂದರಲ್ಲಿ ಮೈಮರೆತು ಕೂತಿದ್ದರಂತೆ ಎಂಬ ಕಥೆ ಲಾಹೋರಿನಲ್ಲಿ ಪ್ರಚಲಿತವಾಗಿದೆ. ಆ ಕಾಲದ ಯುವಕರ ದೊಡ್ಡ ಕನಸಾಗಿದ್ದ ಐ.ಸಿ.ಎಸ್. ಪರೀಕ್ಷೆಯನ್ನೂ ಅವರು ಬರೆದರು. ಲಿಖಿತ ಪರೀಕ್ಷೆಯಲ್ಲಿ ಮುಂದಿದ್ದರೂ ಹಳೆಯ ಜೈಲಿನ ದಾಖಲೆ ಅಡ್ಡ ಬಂತು. ಕಲೆಕ್ಟರ್ ಆಗಬಹುದಾಗಿದ್ದ ವ್ಯಕ್ತಿ ಸಂಗೀತದ ದಾರಿ ಹಿಡಿದರು.

ಉಸ್ತಾದ್, ರೇಡಿಯೋ, ಮುಂಬಯಿ

ನಮ್ಮ ಕಡೆ ಉಸ್ತಾದ್ ಎಂದರೆ ಮದ್ರಸದಲ್ಲಿ ಅಲಿಫ್ ಬಾ ಕಲಿಸುವವರು. ಪಂಜಾಬ್, ದಿಲ್ಲಿ ಕಡೆ ಸಂಗೀತ ಕಲಿಸುವವರಿಗೂ ಅದೇ ಹೆಸರು. ಖುರ್ಷಿದ್ ಅನ್ವರ್ 1934ರ ಸುಮಾರಿಗೆ ಖಾನ್ ಸಾಹೇಬ್ ತವಕ್ಕುಲ್ ಹುಸೇನ್ ಖಾನರ ಶಿಷ್ಯರಾದರು. ಬ್ಯಾರಿಸ್ಟರ್ ಮನೆತನದ, ಎಂ.ಎ. ಓದಿದ ಯುವಕ ಸಂಗೀತದ ಉಸ್ತಾದರ ಮುಂದೆ ಚಾಪೆಯ ಮೇಲೆ ಕೂರುವುದು ಆ ಕಾಲಕ್ಕೆ ದೊಡ್ಡ ವಿಷಯ. ಮೇಲ್ವರ್ಗದ ಮನೆಗಳು ಉಸ್ತಾದರನ್ನು ಕರೆಸಿ ಹಾಡಿಸಿ, ಇನಾಮು ಕೊಟ್ಟು ಕಳಿಸುತ್ತಿದ್ದವು. ಮಗಳನ್ನು ಕೊಡುವಾಗ, ಪಂಕ್ತಿಯಲ್ಲಿ ಕೂರಿಸುವಾಗ ಅವರು ಕೀಳಾಗಿಬಿಡುತ್ತಿದ್ದರು. ಹಾಡು ಬೇಕು, ಹಾಡುವವನ ಕುಲ ಬೇಡ ಎಂಬ ಈ ಜಾಹಿಲಿ ಮನೋಭಾವ ಇಸ್ಲಾಮ್ ಕಲಿಸಿದ್ದಲ್ಲ. ನಮ್ಮ ನಡುವೆಯೂ ಅದು ಬೇರೆ ರೂಪದಲ್ಲಿ ಇದೆ ಎಂಬುದು ಬಲ್ಲವರಿಗೆ ಗೊತ್ತು.

1939ರಲ್ಲಿ ಅವರು ದಿಲ್ಲಿಯ ಆಲ್ ಇಂಡಿಯಾ ರೇಡಿಯೋದಲ್ಲಿ ಸಂಗೀತ ವಿಭಾಗದ ಕೆಲಸಕ್ಕೆ ಸೇರಿದರು. ಅಲ್ಲಿ ಎಸ್ರಾಜ್ ನುಡಿಸಲು ಅವರು ಆರಿಸಿಕೊಂಡ ಯುವಕನ ಹೆಸರು ರೋಶನ್. ಮುಂದೆ ಹಿಂದಿ ಸಿನಿಮಾದ ದೊಡ್ಡ ಸಂಗೀತ ನಿರ್ದೇಶಕರಾದ ರೋಶನ್ ಇವರೇ. ರೇಡಿಯೋದಲ್ಲಿ ಖುರ್ಷಿದ್ ಅನ್ವರರ ಕೆಲಸ ಕೇಳಿದ ನಿರ್ಮಾಪಕ ಎ.ಆರ್. ಕಾರ್ದಾರ್ ಅವರನ್ನು ಮುಂಬಯಿಗೆ ಕರೆಸಿಕೊಂಡರು. 1941ರ ಪಂಜಾಬಿ ಚಿತ್ರ 'ಕುಡ್ಮಾಈ' ಅವರ ಮೊದಲ ಸಿನಿಮಾ. 1943ರಲ್ಲಿ 'ಇಶಾರಾ' ಬಂತು. 1947ರಲ್ಲಿ ಬಂದ 'ಪರ್ವಾನಾ' ಗಾಯಕ ಕೆ.ಎಲ್. ಸೈಗಲರ ಕೊನೆಯ ಚಿತ್ರ. ಸೈಗಲ್ ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದರು. 1949ರಲ್ಲಿ 'ಸಿಂಗಾರ್' ಬಂತು. ಹೀಗೆ ಹತ್ತು ವರ್ಷ ಮುಂಬಯಿಯಲ್ಲಿ ದುಡಿದು 1952ರಲ್ಲಿ ಅವರು ಲಾಹೋರಿಗೆ ಹೋದರು.

ಅದೇ 1952ರಲ್ಲಿ ನಮ್ಮ ದೇಶದಲ್ಲೂ ಒಂದು ಬದಲಾವಣೆ ಆಯಿತು. ಅಂದಿನ ವಾರ್ತಾ ಸಚಿವ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದರು. ಜನ ರೇಡಿಯೋ ಸಿಲೋನ್ ಕಡೆ ತಿರುಗಿದರು. ಬಿನಾಕಾ ಗೀತ್‌ಮಾಲಾ ಶುರುವಾದದ್ದು ಆ ವರ್ಷದ ಕೊನೆಯಲ್ಲೇ. ಕಾಫಿ ಎಸ್ಟೇಟುಗಳ ಬಂಗಲೆಗಳಲ್ಲಿ, ಪೇಟೆಯ ಹೋಟೆಲುಗಳಲ್ಲಿ ರೇಡಿಯೋ ಸಿಲೋನ್ ಕೇಳಿ ಬೆಳೆದ ಹಿರಿಯರು ಇಂದಿಗೂ ನಮ್ಮ ನಡುವೆ ಇದ್ದಾರೆ. ಹಾಡು ಯಾವ ದೇಶದ್ದು, ರಾಗ ಕಟ್ಟಿದವನು ಯಾವ ಜಾತಿಯವನು ಎಂದು ಆಗ ಯಾರೂ ಕೇಳುತ್ತಿರಲಿಲ್ಲ.

ಕಡಿಮೆ ಕೆಲಸ, ಶ್ರದ್ಧೆಯ ಕೆಲಸ

ಲಾಹೋರಿಗೆ ಹೋದ ಮೇಲೆ ಖುರ್ಷಿದ್ ಅನ್ವರ್ ಕೈಗೆ ಸಿಕ್ಕಿದ ಸಿನಿಮಾಗಳನ್ನೆಲ್ಲ ಒಪ್ಪಿಕೊಳ್ಳಲಿಲ್ಲ. 1956ರಲ್ಲಿ 'ಇಂತಿಝಾರ್' ಬಂತು. ಅದರ ಕಥೆಯೂ ಅವರದೇ, ನಿರ್ಮಾಣದಲ್ಲೂ ಅವರ ಪಾಲಿತ್ತು. ನಾಯಕಿಯಾಗಿ ನಟಿಸಿ ಹಾಡಿದವರು ನೂರ್‌ಜಹಾನ್. 1958ರಲ್ಲಿ 'ಝೆಹರ್-ಎ-ಇಶ್ಕ್', 1959ರಲ್ಲಿ 'ಝೂಮರ್' ಮತ್ತು 'ಕೋಯಲ್'. 1962ರ 'ಘೂಂಘಟ್' ಮತ್ತು 1967ರ 'ಹಮ್‌ರಾಝ್' ಚಿತ್ರಗಳನ್ನು ಸ್ವತಃ ನಿರ್ದೇಶಿಸಿದರು. 1970ರಲ್ಲಿ ಬಂದ ಪಂಜಾಬಿ 'ಹೀರ್ ರಾಂಝಾ' ಅವರಿಗೆ ಎಲ್ಲಕ್ಕಿಂತ ಹೆಚ್ಚು ಹೆಸರು ತಂದಿತು. ಹದಿನೆಂಟನೇ ಶತಮಾನದ ಸೂಫಿ ಕವಿ ವಾರಿಸ್ ಶಾಹರ ಕಾವ್ಯದಿಂದ ಪಂಜಾಬಿನ ಮನೆಮನೆಗೂ ತಿಳಿದಿದ್ದ ಕಥೆ ಅದು.

ಮೂವತ್ತು ವರ್ಷಗಳಲ್ಲಿ ಅವರು ಅಲ್ಲಿ ಮಾಡಿದ ಚಿತ್ರಗಳು ಇಪ್ಪತ್ತರ ಆಸುಪಾಸು. ಇತರ ಸಂಗೀತ ನಿರ್ದೇಶಕರು ಕೆಲವೇ ವರ್ಷಗಳಲ್ಲಿ ಅಷ್ಟು ಮಾಡಿಬಿಡುತ್ತಿದ್ದರು. ಅವರು ಹಾರ್ಮೋನಿಯಂ ಹಿಡಿದು ಕೂರುವವರಲ್ಲ. ಬೆಂಕಿಪೊಟ್ಟಣದ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಮನಸ್ಸಿನಲ್ಲೇ ಸ್ವರ ಜೋಡಿಸುತ್ತಿದ್ದರು. ಸಿನಿಮಾ ಹಾಡಾದರೂ ಅದರ ಬುಡದಲ್ಲಿ ರಾಗ ಗಟ್ಟಿಯಾಗಿ ಇರಬೇಕು, ಆದರೆ ರಾಗ ಗೊತ್ತಿಲ್ಲದವನಿಗೂ ಹಾಡು ಮನಸ್ಸಿಗೆ ಇಳಿಯಬೇಕು ಎಂಬುದು ಅವರ ದಾರಿ.

ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದ ಒಂದು ಸಿನಿಮಾ ಅವರ ಕೊನೆಯ ಕಾಲದ್ದು. 1978ರಲ್ಲಿ ಮಸೂದ್ ಪರ್ವೇಝ್ ನಿರ್ದೇಶನದಲ್ಲಿ 'ಹೈದರ್ ಅಲಿ' ಬಂತು. ಕೋಲಾರದ ಬೂದಿಕೋಟೆಯಲ್ಲಿ ಹುಟ್ಟಿ, ಮೈಸೂರನ್ನು ಆಳಿ, 1763ರಲ್ಲಿ ಮಲೆನಾಡಿನ ಬಿದನೂರನ್ನು ಗೆದ್ದು, ಅದಕ್ಕೆ ಹೈದರ್ ನಗರ ಎಂದು ಹೆಸರಿಟ್ಟ ನಮ್ಮ ಹೈದರಾಲಿಯ ಕಥೆ. ಇಂದಿನ ಹೊಸನಗರ ತಾಲೂಕಿನ ನಗರ ಅದೇ ಊರು. ಹೈದರಾಲಿ 1782ರ ಡಿಸೆಂಬರಿನಲ್ಲಿ ತೀರಿಕೊಂಡರು, ಶ್ರೀರಂಗಪಟ್ಟಣದ ಗುಂಬಝ್‌ನಲ್ಲಿ ಅವರ ಕಬರ್ ಇದೆ. ಆ ದೊರೆಯ ಕಥೆಗೆ ಲಾಹೋರಿನ ಸ್ಟುಡಿಯೋದಲ್ಲಿ ಸಂಗೀತ ಕೊಟ್ಟವರು ಖುರ್ಷಿದ್ ಅನ್ವರ್. ದೂರದ ಜನ ನಮ್ಮ ನೆಲದ ಇತಿಹಾಸವನ್ನು ಸಿನಿಮಾ ಮಾಡಿದರು. ನಮ್ಮಲ್ಲಿ ಎಷ್ಟು ಮಕ್ಕಳಿಗೆ ನಗರದ ಕೋಟೆ ಎಲ್ಲಿದೆ ಎಂದು ಗೊತ್ತಿದೆ?

ದರ್ಬಾರು ಮುಳುಗಿದಾಗ ಉಸ್ತಾದರ ಗತಿ

ಇಷ್ಟೇ ಆಗಿದ್ದರೆ ಖುರ್ಷಿದ್ ಅನ್ವರ್ ಒಬ್ಬ ಒಳ್ಳೆಯ ಸಿನಿಮಾ ಸಂಗೀತಗಾರ ಎನ್ನಿಸಿಕೊಂಡು ಹೋಗುತ್ತಿದ್ದರು. ಈ ಪುಟಕ್ಕೆ ಅವರನ್ನು ತಂದದ್ದು ಸಿನಿಮಾದ ಹೊರಗೆ ಅವರು ಮಾಡಿದ ಕೆಲಸ. ಅದು ತಿಳಿಯಬೇಕಾದರೆ ಘರಾನಾ ಎಂದರೇನು ಎಂದು ಎರಡು ಮಾತು ಹೇಳಬೇಕು.

ಹಿಂದೂಸ್ತಾನಿ ಸಂಗೀತ ಪುಸ್ತಕದಲ್ಲಿ ಇದ್ದದ್ದಲ್ಲ. ತಂದೆ ಮಗನಿಗೆ, ಉಸ್ತಾದ್ ಶಿಷ್ಯನಿಗೆ ಎದುರಿಗೆ ಕೂರಿಸಿ ಬಾಯಿಂದ ಬಾಯಿಗೆ ಕಲಿಸಿದ್ದು. ಒಂದೊಂದು ಮನೆತನ ಹಾಡುವ ರೀತಿ ಬೇರೆ. ಆ ಮನೆತನದ ರೀತಿಗೆ ಘರಾನಾ ಎಂದು ಹೆಸರು. ಗ್ವಾಲಿಯರ್, ಆಗ್ರಾ, ಪಟಿಯಾಲ, ಶಾಮ್ ಚೌರಾಸಿ, ಕಿರಾನಾ ಹೀಗೆ ಊರಿನ ಹೆಸರಿನಲ್ಲಿ ಇವು ಗುರುತಿಸಲ್ಪಟ್ಟವು. ಯಾರು ಯಾರಿಂದ ಕಲಿತರು ಎಂದು ಹೇಳುವ ಸಿಲ್ಸಿಲಾ ಅವರಿಗೆ ಮುಖ್ಯ. ನಮಗೆ ಇದು ಅರ್ಥವಾಗುವುದು ಸುಲಭ. ತಜ್ವೀದ್ ಕೇವಲ ಕಿತಾಬ್ ನೋಡಿ ಬರುವುದಿಲ್ಲ, ಉಸ್ತಾದರ ಬಾಯಿ ನೋಡಿ, ತಪ್ಪಿದಾಗ ತಿದ್ದಿಸಿಕೊಂಡು ಕಲಿಯಬೇಕು. ದೀನಿನ ಇಲ್ಮಿನ ಸನದಿಗೂ ಸಂಗೀತದ ಸಿಲ್ಸಿಲಾಕ್ಕೂ ಒಂದೇ ಸ್ಥಾನವೆಂದು ನಾವು ಹೇಳುತ್ತಿಲ್ಲ. ಬಾಯಿಂದ ಬಾಯಿಗೆ ಬಂದ ವಿದ್ಯೆ ಎಷ್ಟು ಸೂಕ್ಷ್ಮ, ಒಂದು ಕೊಂಡಿ ಕಳಚಿದರೆ ಎಷ್ಟು ನಷ್ಟ ಎಂಬುದು ಮಾತ್ರ ಎರಡು ಕಡೆಯೂ ಒಂದೇ.

ಈ ಉಸ್ತಾದರು ವಿದ್ಯೆಯನ್ನು ಬಹಳ ಬಿಗಿಯಾಗಿ ಹಿಡಿದಿದ್ದರು. ಅಪರೂಪದ ಬಂದಿಶ್‌ಗಳನ್ನು ಹೊರಗಿನವರ ಮುಂದೆ ಹಾಡುತ್ತಿರಲಿಲ್ಲ. ಮಗಳ ಮದುವೆಯಲ್ಲಿ ಒಡವೆಯ ಜೊತೆ ಬಂದಿಶ್‌ಗಳನ್ನೂ ಅಳಿಯನಿಗೆ ಕೊಡುತ್ತಿದ್ದರು ಎಂಬ ಮಾತಿದೆ. ಹೊಟ್ಟೆಪಾಡು ಅದರಿಂದಲೇ ನಡೆಯಬೇಕಿದ್ದಾಗ ಆ ಬಿಗಿ ಅರ್ಥವಾಗುವಂಥದ್ದೇ. ಅವರಿಗೆ ಅನ್ನ ಕೊಡುತ್ತಿದ್ದವು ರಾಜ ಸಂಸ್ಥಾನಗಳು. 1947ರ ನಂತರ ಎರಡೇ ವರ್ಷಗಳಲ್ಲಿ ಸಂಸ್ಥಾನಗಳು ಬಹುತೇಕ ಮುಗಿದವು. ದೇಶ ವಿಭಜನೆಯಲ್ಲಿ ಪಟಿಯಾಲ, ಜಾಲಂಧರ್ ಕಡೆಯ ಮುಸ್ಲಿಮ್ ಗಾಯಕ ಕುಟುಂಬಗಳು ಮನೆ ಮಠ ಬಿಟ್ಟು ಲಾಹೋರಿಗೆ ಓಡಿದವು. ಅಲ್ಲಿ ದರ್ಬಾರು ಇರಲಿಲ್ಲ. ರೇಡಿಯೋದವರು ಕೊಡುವ ಸಣ್ಣ ಸಂಭಾವನೆ, ಸಿನಿಮಾದವರು ಕರೆದರೆ ಒಂದು ಆಲಾಪ, ಅಷ್ಟೇ. ಉಸ್ತಾದ್ ಬಡೇ ಗುಲಾಮ್ ಅಲಿ ಖಾನರಂಥ ದೊಡ್ಡವರೇ ಅಲ್ಲಿ ನಿಲ್ಲಲಾರದೆ 1950ರ ದಶಕದಲ್ಲಿ ಭಾರತಕ್ಕೆ ಮರಳಿದರು. ಉಳಿದ ಉಸ್ತಾದರ ಮಕ್ಕಳು ಬೇರೆ ಕೆಲಸ ಹುಡುಕಿಕೊಂಡರು. ಹಾಡಲು ಕಲಿತು ಉಪವಾಸ ಬೀಳು ಎಂದು ಯಾವ ತಂದೆ ಮಗನಿಗೆ ಹೇಳಿಯಾನು?

ಕುಂದಗೋಳಕ್ಕೂ ಲಾಲಾ ಮೂಸಾಕ್ಕೂ ಒಂದೇ ಬೇರು

ಇದು ಪಂಜಾಬಿನ ಕಥೆ ಮಾತ್ರವಲ್ಲ. ಉತ್ತರ ಪ್ರದೇಶದ ಕೈರಾನಾ ಊರಿನಲ್ಲಿ 1872ರಲ್ಲಿ ಹುಟ್ಟಿದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಮೀರಜ್‌ನಲ್ಲಿ ನೆಲೆಸಿದರು. ಮೈಸೂರು ಅರಮನೆಯಲ್ಲಿ ಹಾಡಿದರು, ಧಾರವಾಡ ಹುಬ್ಬಳ್ಳಿಗಳಲ್ಲಿ ಅವರ ಗಾಯನ ಕೇಳದ ಮನೆ ವಿರಳ. ಕುಂದಗೋಳದ ರಾಮಭಾವು ಎಂಬ ಬ್ರಾಹ್ಮಣ ಹುಡುಗ ಅವರ ಶಿಷ್ಯನಾಗಿ ಸವಾಯಿ ಗಂಧರ್ವ ಎಂದು ಹೆಸರಾದರು. ಸವಾಯಿ ಗಂಧರ್ವರಿಂದ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರೂ ಗದಗಿನ ಭೀಮಸೇನ ಜೋಶಿಯವರೂ ಕಲಿತರು. ಕನ್ನಡ ನಾಡು ಹೆಮ್ಮೆಪಡುವ ಈ ದೊಡ್ಡ ಹೆಸರುಗಳ ಬೇರು ಒಬ್ಬ ಮುಸ್ಲಿಮ್ ಉಸ್ತಾದರಲ್ಲಿದೆ. ಅವರು ಮುಚ್ಚಿಡದೆ ಕಲಿಸಿದರು, 1913ರಲ್ಲಿ ಪುಣೆಯಲ್ಲಿ ಸಂಗೀತ ಶಾಲೆಯನ್ನೇ ತೆರೆದರು. 1937ರಲ್ಲಿ ಮದ್ರಾಸ್ ಕಡೆ ಪ್ರಯಾಣದಲ್ಲಿದ್ದಾಗ ಸಿಂಗಪೆರುಮಾಳ್ ಕೋವಿಲ್ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಮೀರಜ್‌ನ ಖ್ವಾಜಾ ಮೀರಾ ಸಾಹೇಬರ ದರ್ಗಾದ ಆವರಣದಲ್ಲಿ ಅವರ ಕಬರ್ ಇದೆ.

ಅದೇ ಖಾನ್ ಸಾಹೇಬರಿಂದ ಕಲಿತ ಇನ್ನೊಬ್ಬರು ರೋಶನ್ ಆರಾ ಬೇಗಮ್. ಅವರು 1948ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಲಾಲಾ ಮೂಸಾ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಲಾಹೋರಿನ ರೇಡಿಯೋಗೆ ಹಾಡಲು ಅಲ್ಲಿಂದ ಹೋಗಿ ಬರುತ್ತಿದ್ದರು. ಒಂದು ಉಸ್ತಾದರ ವಿದ್ಯೆ ಈಚೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿಯವರ ಕಂಠದಲ್ಲಿ, ಆಚೆ ಲಾಲಾ ಮೂಸಾದಲ್ಲಿ ರೋಶನ್ ಆರಾ ಅವರ ಕಂಠದಲ್ಲಿ ಉಳಿಯಿತು. ನಡುವೆ ಗಡಿ ಬಂತು. ಕಿರಾನಾ ಗಾಯನ ಎರಡೂ ಕಡೆ ಕಿರಾನಾ ಗಾಯನವಾಗಿಯೇ ಇತ್ತು.

ಪಾಕಿಸ್ತಾನ ಎಂಬ ಹೆಸರು ಬಂದ ಕೂಡಲೇ ನಮ್ಮಲ್ಲಿ ಹಲವರು ಮಾತು ತಗ್ಗಿಸುತ್ತಾರೆ. ಯಾರು ಏನೆಂದುಕೊಳ್ಳುವರೋ ಎಂಬ ಅಳುಕು. ಆ ಅಳುಕಿಗೆ ಕಾರಣವಿದೆ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಇದರಲ್ಲಿ ಮುಚ್ಚುಮರೆಯ ವಿಷಯವೇನೂ ಇಲ್ಲ. ನಮ್ಮ ಹಿರಿಯರು ಈ ಮಣ್ಣಿನಲ್ಲಿ ಉಳಿದವರು, ಇಲ್ಲಿಯೇ ಕಬರಾದವರು. ನಮ್ಮ ದೇಶ ಇದು. 1947ಕ್ಕಿಂತ ಮುಂಚಿನ ವಿದ್ಯೆಯಾದರೋ ಎರಡೂ ಕಡೆಯವರಿಗೆ ಪಿತ್ರಾರ್ಜಿತ ಆಸ್ತಿ. ಅದನ್ನು ಕಾಪಾಡಿದವನು ಯಾವ ಕಡೆ ಇದ್ದರೂ ಅವನ ಕೆಲಸವನ್ನು ನೆನೆಯುವುದು ಇತಿಹಾಸದ ನ್ಯಾಯ. 1982ರಲ್ಲಿ ಮುಂಬಯಿಯ ಸಿನಿಮಾ ಸಂಗೀತಗಾರರು ಹಳೆಯ ಸಂಗೀತ ನಿರ್ದೇಶಕರನ್ನು ಗೌರವಿಸಿದಾಗ ಖುರ್ಷಿದ್ ಅನ್ವರರ ಹೆಸರನ್ನು ಬಿಡಲಿಲ್ಲ.

ಟೇಪಿನಲ್ಲಿ ಉಳಿಸಿದ ಕಂಠಗಳು

ಇಪ್ಪತ್ತನೇ ಶತಮಾನದ ಮೊದಲಲ್ಲಿ ಪಂಡಿತ ಭಾತಖಂಡೆಯವರು ಊರೂರು ಸುತ್ತಿ ಉಸ್ತಾದರಿಂದ ಬಂದಿಶ್‌ಗಳನ್ನು ಸಂಗ್ರಹಿಸಿ ಸ್ವರಲಿಪಿಯಲ್ಲಿ ಬರೆದು ಅಚ್ಚು ಹಾಕಿಸಿದರು. ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ವಿಂಗಡಿಸಿದ್ದೂ ಅವರೇ. ಕಾಗದದ ಮೇಲೆ ಸ್ವರ ಬರುತ್ತದೆ, ಕಂಠ ಬರುವುದಿಲ್ಲ. ಆ ಸ್ವರವನ್ನು ಆ ಘರಾನಾದವರು ಹೇಗೆ ಎಳೆಯುತ್ತಿದ್ದರು, ಎಲ್ಲಿ ಉಸಿರು ಹಿಡಿಯುತ್ತಿದ್ದರು ಎಂಬುದು ಬರವಣಿಗೆಗೆ ಸಿಗದು. ಅದನ್ನು ಟೇಪಿನಲ್ಲಿ ಹಿಡಿದಿಡುವ ಕೆಲಸಕ್ಕೆ 1970ರ ದಶಕದಲ್ಲಿ ಖುರ್ಷಿದ್ ಅನ್ವರ್ ಕೈಹಾಕಿದರು. ಗೆಳೆಯ ಫೈಝ್ ಅಹ್ಮದ್ ಫೈಝ್ ಬೆನ್ನಿಗೆ ನಿಂತರು. ಇ.ಎಂ.ಐ. ಪಾಕಿಸ್ತಾನ್ ಕಂಪೆನಿ ಧ್ವನಿಮುದ್ರಣ ಹೊರತಂದಿತು.

ಅಮೀರ್ ಖುಸ್ರೋ ಅವರ ನೆನಪಿನಲ್ಲಿ ಇದಕ್ಕೆ 'ಆಹಂಗ್-ಎ-ಖುಸ್ರವಿ' ಎಂದು ಹೆಸರಿಟ್ಟರು. ಇದರಲ್ಲಿ ಎರಡು ಭಾಗ. ಒಂದು 'ರಾಗ್ ಮಾಲಾ': ಹತ್ತು ಥಾಟ್‌ಗಳಿಗೆ ಸೇರಿದ 90 ರಾಗಗಳು, ಪ್ರತಿಯೊಂದಕ್ಕೂ ಸಂಕ್ಷಿಪ್ತ ಪರಿಚಯ. ಅದು 10 ಕ್ಯಾಸೆಟ್. ಇನ್ನೊಂದು 'ಘರಾನೋಂ ಕೀ ಗಾಯಕೀ': ಆಗ ಪಾಕಿಸ್ತಾನದಲ್ಲಿ ಉಳಿದಿದ್ದ ಘರಾನಾಗಳ ಗಾಯಕರಿಂದ ಅವರವರ ಮನೆತನದ ರೀತಿಯಲ್ಲೇ ಹಾಡಿಸಿದ್ದು. ಅದು 20 ಕ್ಯಾಸೆಟ್. ಕಿರಾನಾ ರೀತಿಗೆ ಕಂಠ ಕೊಟ್ಟವರು ರೋಶನ್ ಆರಾ ಬೇಗಮ್. ಹೀಗೆ ನಮ್ಮ ಧಾರವಾಡ ಹುಬ್ಬಳ್ಳಿಯ ಸಂಗೀತದ ಬೇರೂ ಆ ಪೆಟ್ಟಿಗೆಯಲ್ಲಿ ಸೇರಿಕೊಂಡಿದೆ.

ಇದರಿಂದ ಹಣ ಬರುವಂತಿರಲಿಲ್ಲ. ಸಿನಿಮಾದ ಒಂದು ಹಾಡಿಗೆ ಸಿಗುವ ಹೆಸರು 90 ರಾಗಗಳ ಪರಿಚಯಕ್ಕೆ ಸಿಗುವುದಿಲ್ಲ. ತನ್ನದೇ ಹಾಡುಗಳನ್ನು ಸಂಗ್ರಹ ಮಾಡಿ ಮಾರಬಹುದಾಗಿದ್ದ ವ್ಯಕ್ತಿ, ಇತರರ ಕಂಠಗಳನ್ನು ಹುಡುಕಿ ಮುಂದೆ ಕೂರಿಸಿದರು. ಅವರ ಹತ್ತಿರ ಉಸ್ತಾದರು ಯಾಕೆ ಬಾಯಿ ಬಿಟ್ಟರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅವರು ಉಸ್ತಾದರ ಮುಂದೆ ಶಿಷ್ಯನಾಗಿ ಕೂತು ಕಲಿತವರು. ಕೆಲಸದಲ್ಲಿ ಅವಸರ ಮಾಡದವರು. ಕೊಟ್ಟದ್ದನ್ನು ಕೊಟ್ಟವರ ಹೆಸರಿನಲ್ಲೇ ಇಡುವವರು.

ಕಾಲವೂ ಅವರ ಅವಸರವನ್ನು ಸಮರ್ಥಿಸಿತು. 1980ರಲ್ಲಿ ಅವರಿಗೆ ಸಿತಾರಾ-ಎ-ಇಮ್ತಿಯಾಝ್ ಗೌರವ ಸಿಕ್ಕಿತು. 1982ರ ಡಿಸೆಂಬರಿನಲ್ಲಿ ರೋಶನ್ ಆರಾ ತೀರಿಕೊಂಡರು. 1984ರ ಅಕ್ಟೋಬರ್ 30ರಂದು ಖುರ್ಷಿದ್ ಅನ್ವರ್ ಲಾಹೋರಿನಲ್ಲಿ ಇಹಲೋಕ ಬಿಟ್ಟರು, ಅದೇ ವರ್ಷದ ನವೆಂಬರಿನಲ್ಲಿ ಫೈಝ್. ಆ ಕೆಲಸ ಇನ್ನು ಹತ್ತು ವರ್ಷ ತಡವಾಗಿದ್ದರೆ ಮಾಡಿಸುವವರೂ ಹಾಡುವವರೂ ಇರುತ್ತಿರಲಿಲ್ಲ.

ಸಂಗೀತದ ಪ್ರಶ್ನೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಂಗೀತದ ವಿಷಯದಲ್ಲಿ ನಮ್ಮ ಉಲಮಾಗಳಲ್ಲಿ ಮೊದಲಿನಿಂದಲೂ ಬೇರೆ ಬೇರೆ ಅಭಿಪ್ರಾಯಗಳಿವೆ. ಇಮಾಮ್ ಗಝಾಲಿ(ರ) ತಮ್ಮ 'ಇಹ್ಯಾ'ದಲ್ಲಿ ಸಮಾಅ್ ಬಗ್ಗೆ ಒಂದು ಪೂರ್ತಿ ಭಾಗ ಬರೆದು, ಯಾವಾಗ ಸರಿ, ಯಾವಾಗ ಸರಿಯಲ್ಲ ಎಂದು ಬಿಡಿಸಿ ನೋಡಿದರು. ಇಬ್ನು ಹಝ್ಮ್ ನಿಷೇಧದ ಆಧಾರಗಳನ್ನು ಒಪ್ಪಲಿಲ್ಲ. ಇಬ್ನು ತೈಮಿಯ್ಯ(ರ) ಕಟುವಾಗಿ ವಿರೋಧಿಸಿದರು. ವಾದ್ಯಗಳ ವಿಷಯದಲ್ಲಿ ಹೆಚ್ಚಿನ ಫುಕಹಾಗಳ ನಿಲುವು ಬಿಗಿಯಾದದ್ದೇ. ಮದುವೆ ಮತ್ತು ಈದ್ ದಿನ ದಫ್ ಬಾರಿಸಿದ ಪ್ರಸ್ತಾಪ ಹದೀಸ್‌ಗಳಲ್ಲಿದೆ. ಈ ಲೇಖನ ಫತ್ವಾ ಅಲ್ಲ. ತಮ್ಮ ಮನೆಯಲ್ಲಿ ಏನು ನಡೆಯಬೇಕೆಂಬುದನ್ನು ಓದುಗರು ತಮ್ಮ ಮಹಲ್ಲಿನ ಖತೀಬರಲ್ಲಿ ಕೇಳಿ ತಿಳಿಯಲಿ. ಖುರ್ಷಿದ್ ಅನ್ವರರ ಸಿನಿಮಾಗಳನ್ನು ನೋಡಿ ಎಂದು ನಾವು ಹೇಳುವುದಿಲ್ಲ. ಅವರು ಮಾಡಿದ ಸಂರಕ್ಷಣೆಯ ಕೆಲಸದಲ್ಲಿ ನಮಗೆ ಪಾಠವಿದೆ ಎನ್ನುತ್ತೇವೆ. ಹಾಡುಗಾರರು ತಮ್ಮ ವಿದ್ಯೆಗೆ ಇಷ್ಟು ಜತನ ಮಾಡಿದ್ದಾರೆ ಎಂದ ಮೇಲೆ ದೀನಿನ, ಭಾಷೆಯ, ಮನೆತನದ ವಿದ್ಯೆಗೆ ನಾವು ಎಷ್ಟು ಜತನ ಮಾಡಿದ್ದೇವೆ?

ನಮ್ಮ ಮಲೆಯ ಅಮಾನತ್

ಇದಕ್ಕೆ ನಮ್ಮ ಪಕ್ಕದಲ್ಲೇ ಒಂದು ಮಾದರಿ ಇದೆ. ಸಕಲೇಶಪುರ ಕಡೆಯ ಎಸ್.ಕೆ. ಕರೀಂಖಾನರು ಅಫ್ಘಾನ್ ಮೂಲದ ಕುಟುಂಬದವರು. ಕನ್ನಡ ಸಿನಿಮಾಗಳಿಗೆ ಹಾಡು ಬರೆದರು. ಆದರೆ ಜನ ಅವರನ್ನು ಕರೆದದ್ದು ಜಾನಪದ ಜಂಗಮ ಎಂದು. ಹಳ್ಳಿ ಹಳ್ಳಿ ತಿರುಗಿ, ಓದುಬರಹ ಬಾರದ ಹೆಂಗಸರು ಗಂಡಸರು ಹಾಡುವ ಪದಗಳನ್ನು ಕೇಳಿ, ಕಲಿತು, ಊರೂರಿನಲ್ಲಿ ಹೇಳಿದವರು ಅವರು. 2006ರಲ್ಲಿ ತೀರಿಕೊಂಡರು. ಲಾಹೋರಿನ ಖ್ವಾಜಾರಂತೆ ಇವರೂ ಸಿನಿಮಾದವರು. ಇವರೂ ತಮ್ಮದಕ್ಕಿಂತ ಹೆಚ್ಚಾಗಿ ಇತರರ ಕಂಠದ ಸಂಪತ್ತನ್ನು ಹೊತ್ತು ತಿರುಗಿದರು.

ನಮ್ಮ ಸಮುದಾಯದ ಬಾಯಲ್ಲಿ ಇನ್ನೂ ಏನೇನಿದೆ? ಕೊಟ್ಟಿಗೆಹಾರ, ಬಣಕಲ್, ಮೂಡಿಗೆರೆ, ಕಳಸದ ಕಡೆ ಚಾರ್ಮಾಡಿ ಘಾಟಿ ಹತ್ತಿ ಬಂದು ನೆಲೆಸಿದ ಬ್ಯಾರಿ ಕುಟುಂಬಗಳಿವೆ. ಬಯಲುಸೀಮೆಯಿಂದ ಬಂದ ದಖ್ಖನಿ ಮಾತಾಡುವವರಿದ್ದಾರೆ, ಮಲಬಾರಿನಿಂದ ಬಂದವರಿದ್ದಾರೆ. ಬ್ಯಾರಿ ಮನೆಗಳ ಮದರಂಗಿ ಹಾಡು, ಮೌಲಿದ್ ಮಜ್ಲಿಸಿನ ಬೈತ್‌ಗಳ ಹಳೆಯ ಧಾಟಿ, ದಫ್ ತಂಡದವರ ಹೆಜ್ಜೆಯ ಲೆಕ್ಕ, ದಖ್ಖನಿ ಅಜ್ಜಿಯರ ಲೋರಿಗಳು. ಬಿಜಾಪುರದ ಸೂಫಿಗಳು ಹೆಂಗಸರು ಬೀಸುವಾಗ, ನೂಲುವಾಗ ಹಾಡಿಕೊಳ್ಳಲೆಂದು ಚಕ್ಕಿನಾಮಾ, ಚರ್ಖಾನಾಮಾಗಳನ್ನು ದಖ್ಖನಿಯಲ್ಲಿ ಕಟ್ಟಿದ್ದರು. ಬೀಸುಕಲ್ಲಿನ ಹಿಡಿ ಹಿಡಿದ ಕೈಗೆ ಅಲ್ಲಾಹನ ನೆನಪು ತರುವುದು ಅವುಗಳ ಉದ್ದೇಶ. ಮಿಕ್ಸಿ ಬಂತು, ಬೀಸುಕಲ್ಲು ಹಿತ್ತಲು ಸೇರಿತು, ಹಾಡು ಅಜ್ಜಿಯ ಜೊತೆ ಹೋಯಿತು. ಇದರ ಜೊತೆಗೆ ಹಾಡಲ್ಲದ್ದೂ ಇದೆ. ಯಾವ ಊರಿನಿಂದ ಯಾವ ವರ್ಷ ಘಾಟಿ ಹತ್ತಿದೆವು, ಮೊದಲ ಮಸೀದಿಗೆ ಜಾಗ ಕೊಟ್ಟವರು ಯಾರು, ಮೊದಲ ಉಸ್ತಾದರು ಎಲ್ಲಿಯವರು ಎಂಬುದೆಲ್ಲ ಈಗ ಕೆಲವು ಹಿರಿಯರ ನೆನಪಿನಲ್ಲಿ ಮಾತ್ರ ಇದೆ.

ಇದನ್ನು ಉಳಿಸಲು ಇ.ಎಂ.ಐ. ಕಂಪೆನಿ ಬೇಕಿಲ್ಲ. ಪ್ರತಿ ಮನೆಯಲ್ಲಿ ಮೊಬೈಲ್ ಇದೆ. ಒಂದು ಕೋಣೆಯ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಹಿರಿಯರನ್ನು ಕೂರಿಸಿ ಮಾತಾಡಿಸಿದರೆ ಸಾಕು. ಮೊದಲು ಅವರ ಹೆಸರು, ಊರು, ಅಂದಿನ ದಿನಾಂಕ ಹೇಳಿಸಿ. ಇದನ್ನು ಯಾರಿಂದ ಕಲಿತಿರಿ ಎಂದು ಕೇಳಲು ಮರೆಯಬೇಡಿ, ಸಿಲ್ಸಿಲಾ ಉಳಿಯುವುದು ಆ ಒಂದು ಪ್ರಶ್ನೆಯಿಂದ. ಅವರ ಅನುಮತಿ ಇಲ್ಲದೆ ಯಾವ ಗುಂಪಿಗೂ ಕಳಿಸಬೇಡಿ. ಮನೆಯ ಹೆಂಗಸರ ಧ್ವನಿ ಹೊರಗೆ ಹೋಗಬಾರದೆಂಬ ಮನೆಗಳಲ್ಲಿ ಅದು ಮನೆಯೊಳಗೇ ಇರಲಿ, ಹಾಡಿನ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿಯನ್ನು ಒಂದೇ ಕಡೆ ಇಡಬೇಡಿ. ಮಗನ ಫೋನಿನಲ್ಲಿ, ಮಗಳ ಮನೆಯಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ ಇರಲಿ. ಬ್ಯಾರಿ ಭಾಷೆಯ ಹಾಡು, ಗಾದೆಗಳಾದರೆ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿಯವರಿಗೂ ತಿಳಿಸಬಹುದು.

ಇನ್ನೊಂದು ಮಾತು. ಹಳೆಯ ವಅಝ್‌ಗಳ, ಮೌಲಿದ್ ಮಜ್ಲಿಸ್‌ಗಳ, ತೀರಿಹೋದ ಉಸ್ತಾದರ ಕಿರಾಅತಿನ ಕ್ಯಾಸೆಟ್ಟುಗಳು ಹಲವರ ಅಟ್ಟದ ಮೇಲಿವೆ. ನಮ್ಮ ಮಳೆ ಗೊತ್ತಿದ್ದದ್ದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಟೇಪು ಎಷ್ಟು ದಿನ ಉಳಿದೀತು? ಬಿಸಿಲಿರುವಾಗಲೇ ಅವನ್ನು ಕೆಳಗಿಳಿಸಿ, ಒಣ ಬಟ್ಟೆಯಲ್ಲಿ ಒರೆಸಿ, ಟೇಪ್ ರೆಕಾರ್ಡರ್ ಉಳಿದಿರುವ ಮನೆ ಹುಡುಕಿ, ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮಳೆ ಶುರುವಾಗುವ ಮುನ್ನ ಆಗಬೇಕಾದ ಕೆಲಸಗಳಲ್ಲಿ, ಸೌದೆ ಒಳಗೆ ಹಾಕುವುದರ ಜೊತೆಗೆ, ಇದೂ ಒಂದಿರಲಿ.

ನಮ್ಮ ಹಿರಿಯರು ನಮ್ಮಲ್ಲಿಟ್ಟ ಅಮಾನತ್ತನ್ನು ಮಕ್ಕಳ ಕೈಗೆ ಕೆಡದಂತೆ ತಲುಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ವಿದ್ಯೆಯನ್ನು ಕಾಪಾಡಿ ಕೊಟ್ಟುಹೋದ ಎಲ್ಲರ ಮೇಲೂ ಅವನ ರಹ್ಮತ್ ಇರಲಿ. ಆಮೀನ್.